ರಕ್ತ ಒಸರುವ ವಸಡಿನ ಮೇಲೆ ಕ್ಲಿಪ್: ನಡುವಯಸ್ಸಿನ ಒಬ್ಬ ಟೈಲರ್‌ನ ಪ್ರಕರಣ

ಕ್ಲಿಪ್ ಹಾಕಿಸಿಕೊಂಡು ಐದು ತಿಂಗಳಾಗಿತ್ತು. ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಮುಚ್ಚಿಯೂ ಇತ್ತು. ಆದರೆ ಎಡಗಡೆಯ ಮೇಲಿನ ಬಾಚಿಹಲ್ಲನ್ನು ನಾಲಿಗೆಯಿಂದ ದೂಡಿದರೆ ಅಲುಗಾಡುತ್ತಿತ್ತು. ವಸಡನ್ನು ಬೆರಳಿನಿಂದ ಒತ್ತಿದರೆ ಹಲ್ಲಿನ ಪಕ್ಕದಿಂದ ಒಂದು ಹನಿ ಕೀವು ಬರುತ್ತಿತ್ತು. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಹೊಲಿಗೆ ಅಂಗಡಿ ನಡೆಸುವ 43 ವರ್ಷದ ಮಹಿಳೆ ಬೇರೆ ಡಾಕ್ಟರಿಗೆ ತೋರಿಸೋಣವೆಂದು ಬಂದದ್ದು ಈ ಸ್ಥಿತಿಯಲ್ಲಿ. ಗುರುತು ಹತ್ತಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದೆ. ಚಿಕಿತ್ಸೆಯ ತೀರ್ಮಾನಗಳು, ಅವುಗಳ ಹಿಂದಿನ ಕಾರಣಗಳು ನಡೆದಂತೆಯೇ ಇವೆ.

ಹಿನ್ನೆಲೆ

ಮೊದಲು ಕೇಳಿದ್ದು ಹಳೆಯ ಫೋಟೊ. ಮೊಬೈಲ್‌ನಲ್ಲಿ ಆಕೆ ತೋರಿಸಿದ ಮದುವೆಯ ಚಿತ್ರದಲ್ಲಿ ಹಲ್ಲುಗಳು ಒತ್ತೊತ್ತಾಗಿದ್ದವು, ಸಂದಿನ ಸುಳಿವೇ ಇರಲಿಲ್ಲ. ಚಿಕ್ಕಂದಿನಿಂದ ಇರುವ ಸಂದು ಬೇರೆ, ನಲವತ್ತರ ಆಸುಪಾಸಿನಲ್ಲಿ ಹೊಸದಾಗಿ ತೆರೆದುಕೊಳ್ಳುವ ಸಂದು ಬೇರೆ. ಎರಡನೆಯದಕ್ಕೆ ಹೆಚ್ಚಾಗಿ ಕಾರಣ ಹಲ್ಲನ್ನು ಹಿಡಿದಿರುವ ಮೂಳೆ ಕರಗಿರುವುದು. ಸಂದು ಇದ್ದರೆ ಅದೃಷ್ಟ ಎಂದು ಮನೆಯ ಹಿರಿಯರು ಹೇಳಿದ್ದರಿಂದ ಆಕೆ ಎರಡು ವರ್ಷ ಅದನ್ನು ಯಾರಿಗೂ ತೋರಿಸಿರಲಿಲ್ಲ. ಆಮೇಲೆ ಹಲ್ಲು ಉಬ್ಬಿ ಕೆಳತುಟಿಯ ಮೇಲೆ ಕೂರತೊಡಗಿದಾಗ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಒಂದು ಒಪಿಜಿ (ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುವ) ಎಕ್ಸ್‌ರೇ ತೆಗೆಸಿ, ಮೇಲಿನ ಆರು ಹಲ್ಲುಗಳಿಗೆ ಬ್ರಾಕೆಟ್ (ತಂತಿ ಹಿಡಿಯುವ ಪುಟ್ಟ ತುಣುಕು) ಅಂಟಿಸಿ, ರಬ್ಬರ್ ಚೈನ್ ಹಾಕಿ ಸಂದು ಎಳೆದು ಮುಚ್ಚಿದ್ದರು. ಪಾಕೆಟ್, ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ, ಅಳತೆ ಮಾಡಿರಲಿಲ್ಲ. ಮುಂದಿನ ಹಲ್ಲುಗಳ ಜಾಗದಲ್ಲಿ ಒಪಿಜಿಯ ಮೇಲೆ ಬೆನ್ನುಮೂಳೆಯ ನೆರಳು ಬೀಳುತ್ತದೆ. ಮೂಳೆಯ ಗುಣಿ ಎಷ್ಟು ಆಳ ಎಂಬುದು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.

ಆರು ವರ್ಷದಿಂದ ಸಕ್ಕರೆ ಕಾಯಿಲೆ; ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 8.6. ತಂಬಾಕು ಇಲ್ಲ. ಕೆಳದವಡೆಯ ಎರಡೂ ಕಡೆಯ ಮೊದಲ ದವಡೆಹಲ್ಲುಗಳನ್ನು ಎಂಟು ವರ್ಷದ ಹಿಂದೆ ಹುಳುಕಿಗೆ ಕೀಳಿಸಿದ್ದರು, ಬದಲಿಗೆ ಏನನ್ನೂ ಕಟ್ಟಿಸಿರಲಿಲ್ಲ. ಹಿಂದಿನ ಆಸರೆ ಹೋದ ಮೇಲೆ ಕಚ್ಚುವ ಭಾರ ಮುಂದಕ್ಕೆ ಸರಿದಿತ್ತು. ಕೆಳಗಿನ ಬಾಚಿಹಲ್ಲುಗಳು ಮೇಲಿನವುಗಳ ಒಳಬದಿಗೆ ಬಡಿಯುತ್ತಿದ್ದವು. ಇದರ ಜೊತೆಗೆ ಉದ್ಯೋಗದ ಒಂದು ಅಭ್ಯಾಸ. ಗುಂಡುಪಿನ್ನುಗಳನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದು, ದಾರವನ್ನು ಹಲ್ಲಲ್ಲೇ ಕಡಿಯುವುದು. ಎಡ ಬಾಚಿಹಲ್ಲಿನ ಅಂಚಿನಲ್ಲಿ ದಾರದ ಅಗಲದ ಒಂದು ಕಚ್ಚು ಬಿದ್ದಿತ್ತು. ದಿನಕ್ಕೆ ಎಷ್ಟು ಸಲ ಹೀಗೆ ಕಡಿಯುತ್ತೀರಿ ಎಂದು ಕೇಳಿದಾಗ ಆಕೆಗೆ ಲೆಕ್ಕ ಹೇಳಲಾಗಲಿಲ್ಲ.

ಅಳತೆಗಳು

ಬಾಯಲ್ಲಿ 26 ಹಲ್ಲುಗಳು. ಒಂದೊಂದಕ್ಕೆ ಆರು ಜಾಗದಂತೆ 156 ಕಡೆ ಪ್ರೋಬ್ (ಅಳತೆಗೆರೆಯಿರುವ ತೆಳು ಕಡ್ಡಿ) ವಸಡಿನೊಳಕ್ಕೆ ಇಳಿಸಿ ನೋಡಿದಾಗ 97 ಕಡೆ ರಕ್ತ ಬಂತು, ಅಂದರೆ ಶೇ. 62. ಆರೋಗ್ಯವಂತ ಬಾಯಲ್ಲಿ ಇದು ಶೇ. 10ಕ್ಕಿಂತ ಕಡಿಮೆ ಇರಬೇಕು. ಪ್ರೋಬ್ 3 ಮಿ.ಮೀ.ವರೆಗೆ ಇಳಿದರೆ ಸಹಜ. ಎಡ ಬಾಚಿಹಲ್ಲಿನ (ದಂತವೈದ್ಯರ ಲೆಕ್ಕದಲ್ಲಿ 21) ನಡುಬದಿಯಲ್ಲಿ 8, ಹೊರಬದಿಯಲ್ಲಿ 7 ಮಿ.ಮೀ. ಇಳಿಯಿತು. ಪಕ್ಕದ ಬಲ ಬಾಚಿಹಲ್ಲಿನಲ್ಲಿ (11) 5. ಮೇಲಿನ ದವಡೆಹಲ್ಲುಗಳಲ್ಲಿ 5ರಿಂದ 6. ಒಂದೊಂದೇ ಹಲ್ಲಿನ ಚಿಕ್ಕ ಎಕ್ಸ್‌ರೇ ತೆಗೆದಾಗ 21ರ ಬೇರಿನ ಅರ್ಧದವರೆಗೆ ಮೂಳೆ ಹೋಗಿತ್ತು, ನಡುಬದಿಯಲ್ಲಿ ಓರೆಯಾದ ಗುಣಿ ಇತ್ತು. ಅಲುಗಾಟ ಎರಡನೆಯ ದರ್ಜೆ. ಹಲ್ಲಿನ ನರ ಮಾತ್ರ ಜೀವಂತವಾಗಿತ್ತು.

2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಹಲ್ಲುಗಳು ಜಾಗ ಬಿಟ್ಟು ಉಬ್ಬಿ ಚದುರಿದ್ದರೆ ಅದು ನಾಲ್ಕನೆಯ, ಅಂದರೆ ಅತಿ ತೀವ್ರ ಹಂತದ ಪೆರಿಯೊಡಾಂಟೈಟಿಸ್ (ಹಲ್ಲು ಹಿಡಿದಿರುವ ಮೂಳೆಯನ್ನು ಕರಗಿಸುವ ವಸಡಿನ ರೋಗ). ಶೇಕಡಾವಾರು ಮೂಳೆ ನಷ್ಟವನ್ನು ವಯಸ್ಸಿನಿಂದ ಭಾಗಿಸಿದಾಗ 1 ಮೀರಿದರೆ, ಅಥವಾ ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ 7 ಮುಟ್ಟಿದರೆ, ರೋಗದ ವೇಗ ಸಿ ದರ್ಜೆ, ಎಲ್ಲಕ್ಕಿಂತ ಹೆಚ್ಚಿನದು. ಇಲ್ಲಿ ಎರಡೂ ಅನ್ವಯಿಸುತ್ತಿದ್ದವು.

ಹಾಕಿದ ಕ್ಲಿಪ್ ಬಿಚ್ಚಬೇಕೆ?

ಮೊದಲ ಕಠಿಣ ತೀರ್ಮಾನ ಇದು. ಆಕೆ ಹಣ ಕೊಟ್ಟಾಗಿತ್ತು, ಸಂದು ಮುಚ್ಚಿದ್ದೂ ಕಣ್ಣಿಗೆ ಕಾಣುತ್ತಿತ್ತು. ಕ್ಲಿಪ್ ಇದ್ದಂತೆಯೇ ವಸಡಿಗೆ ಕ್ಲೀನಿಂಗ್ ಮಾಡಿದರಾಗದೆ ಎಂಬುದು ಆಕೆಯ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ.

ಉತ್ತರ ಯಾಂತ್ರಿಕವಾದದ್ದು. ಆಳವಾಗಿ ಹೂತ ಗೂಟವನ್ನು ಮೇಲ್ತುದಿಯಲ್ಲಿ ದೂಡಿದರೆ ಅದು ಅಷ್ಟಾಗಿ ವಾಲುವುದಿಲ್ಲ. ಸುತ್ತಲಿನ ಮಣ್ಣನ್ನು ಅರ್ಧದವರೆಗೆ ಅಗೆದು ಅಷ್ಟೇ ಬಲದಿಂದ ದೂಡಿದರೆ ಪೂರಾ ವಾಲುತ್ತದೆ. ಮೂಳೆ ಕಳೆದುಕೊಂಡ ಹಲ್ಲಿನ ತಿರುಗು ಬಿಂದು ಬೇರಿನ ತುದಿಯತ್ತ ಇಳಿದಿರುತ್ತದೆ. ಬ್ರಾಕೆಟ್ ಮಾತ್ರ ಹಳೆಯ ಎತ್ತರದಲ್ಲೇ ಇರುತ್ತದೆ. ಬೇರನ್ನು ಮೂಳೆಗೆ ಕಟ್ಟಿ ಬಲವನ್ನು ಹಂಚಿಕೊಳ್ಳುವ ನಾರುಗಳೂ ಅರ್ಧಕ್ಕಿಳಿದಿರುವುದರಿಂದ ಉಳಿದವುಗಳ ಮೇಲೆ ಒತ್ತಡ ಹೆಚ್ಚು. ಹೊಸ ರಬ್ಬರ್ ಚೈನ್ ಎಳೆದು ಕೂರಿಸಿದ ದಿನ ಬಲ 200 ಗ್ರಾಂ ದಾಟುವುದು ಸಾಮಾನ್ಯ. ಇಂಥ ಹಲ್ಲಿಗೆ ಅದು ವಿಪರೀತ. ಇಷ್ಟಾದರೂ ಬಲವೊಂದೇ ಮೂಳೆಯನ್ನು ತಿನ್ನುವುದಿಲ್ಲ. ಉರಿಯೂತವಿಲ್ಲದ ವಸಡಿನಲ್ಲಿ, ಮೂಳೆ ಕಡಿಮೆ ಇದ್ದರೂ, ಹಗುರವಾದ ಬಲದಿಂದ ಹಲ್ಲನ್ನು ಸುರಕ್ಷಿತವಾಗಿ ಸರಿಸಬಹುದು. ಕೀವಿರುವ ಪಾಕೆಟ್ಟಿನೊಳಕ್ಕೆ ಹಲ್ಲನ್ನು ವಾಲಿಸಿದರೆ ವಸಡಿನ ಮೇಲೆ ಹಲ್ಲಿಗೆ ಅಂಟಿದ್ದ ಪಾಚಿ (ಕ್ರಿಮಿಗಳ ಪದರ) ವಸಡಿನ ಕೆಳಗೆ ಸೇರುತ್ತದೆ, ನಾಶ ಆಗ ಬೇಗ ಸಾಗುತ್ತದೆ. ಆಕೆಗೆ ಆಗಿದ್ದು ಇದೇ.

ಚೈನ್, ತಂತಿ ತೆಗೆದರು. ಬ್ರಾಕೆಟ್ಟುಗಳ ಸುತ್ತ ವಸಡಿನವರೆಗೂ ಅಂಟು ಹರಿದಿದ್ದರಿಂದ ಅವನ್ನೂ ಬಿಡಿಸಿದರು. ಮೂರು ವಾರದಲ್ಲಿ ಸಂದು ಒಂದೂವರೆ ಮಿ.ಮೀ. ಮತ್ತೆ ತೆರೆದುಕೊಂಡಿತು. ಹೀಗಾಗುತ್ತದೆ ಎಂದು ಮೊದಲೇ ಬರೆದುಕೊಟ್ಟಿದ್ದರಿಂದ ಆಕೆ ತಡೆದುಕೊಂಡರು.

ವಸಡಿನ ಚಿಕಿತ್ಸೆ

ಪಾಚಿಗೆ ಬಣ್ಣ ಹತ್ತಿಸುವ ಮಾತ್ರೆ ಅಗಿಸಿ ಕನ್ನಡಿ ಕೊಟ್ಟಾಗ ಹಲ್ಲುಗಳ ನಡುವೆಯೆಲ್ಲ ಗುಲಾಬಿ ಬಣ್ಣ ಉಳಿದಿತ್ತು. ಬ್ರಷ್ಷಿನ ಎಳೆಗಳನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆ ಹಿಡಿದು ಚಿಕ್ಕದಾಗಿ ಅಲುಗಿಸುವುದನ್ನು ಕಲಿಸಿದರು. ಅದಕ್ಕಿಂತ ಮುಖ್ಯವಾಗಿ, ಹಲ್ಲುಗಳ ನಡುವೆ ತೂರಿಸುವ ಸಣ್ಣ ಬ್ರಷ್ಷನ್ನು ಸಂದು ಸಂದಿಗೂ ಅಳೆದು ಕೊಟ್ಟರು: ಮುಂದೆ 0.8, ಹಿಂದೆ 0.7 ಮಿ.ಮೀ. ತೂರಿಸುವಾಗ ಎಳೆಗಳು ಎರಡೂ ಬದಿಗೆ ತಾಗಬೇಕು, ತಂತಿ ಹಲ್ಲಿಗೆ ಉಜ್ಜಬಾರದು. ಅಳತೆಯ ಗುಟ್ಟು ಇಷ್ಟೇ. ಹೊಲಿಗೆ ಮಷಿನ್ನಿಗೆ ಒಂದು ಚಿಕ್ಕ ಕತ್ತರಿ ಕಟ್ಟಿಸಿದರು. ಪಿನ್ನಿಗೆ ಅಯಸ್ಕಾಂತದ ತಟ್ಟೆ ಬಂತು.

ವಸಡಿನ ಕೆಳಗಿನ ಕ್ಲೀನಿಂಗ್ ಎಂದಾಗ ಆಕೆ ಹಿಂಜರಿದರು. "ಕ್ಲೀನಿಂಗ್ ಮಾಡ್ಸಿದ್ರ ಹಲ್ಲು ಸಡ್ಲ ಆಗ್ತಾವ ಅಂತಾರಲ್ರೀ ಡಾಕ್ಟ್ರ?" ಕರ್ನಾಟಕದ ಯಾವ ದಂತ ಚಿಕಿತ್ಸಾಲಯದಲ್ಲೂ ಕೇಳಿಬರುವ ಮಾತು ಇದು, ಇದಕ್ಕೆ ಕಾರಣವೂ ಇದೆ. ಮೂಳೆ ಕರಗಿದ ಹಲ್ಲುಗಳನ್ನು ಎಷ್ಟೋ ಸಲ ಟಾರ್ಟರ್ ಎಂಬ ಗಟ್ಟಿಯಾದ ಪಾಚಿಯೇ ಗಾರೆಯಂತೆ ಒಂದಕ್ಕೊಂದು ಹಿಡಿದಿರುತ್ತದೆ. ಅದನ್ನು ತೆಗೆದ ದಿನ ಕಾಣುವ ಸಡಿಲು ಹೊಸದಲ್ಲ, ಬಚ್ಚಿಟ್ಟುಕೊಂಡಿದ್ದದ್ದು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೂಳೆಯ ಗೆರೆಯನ್ನು ಪೆನ್ನಿನಿಂದ ತೋರಿಸಿದ ಮೇಲೆ ಒಪ್ಪಿದರು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಸಲ ಕೂರಿಸಿ, ಅಲ್ಟ್ರಾಸಾನಿಕ್ ತುದಿ ಮತ್ತು ಗ್ರೇಸಿ ಕ್ಯುರೆಟ್ ಎಂಬ ಕೆರೆಯುವ ಕೈಸಾಧನಗಳಿಂದ ಬೇರಿನ ಮೇಲ್ಮೈ ಸ್ವಚ್ಛಗೊಳಿಸಿದರು. ಎರಡು ವಾರ ಶೇ. 0.2ರ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸುವುದು. ಅದಕ್ಕಿಂತ ಹೆಚ್ಚು ದಿನ ಬೇಡ, ಚಹಾ ಕುಡಿಯುವವರ ಹಲ್ಲಿಗೆ ಕಂದು ಕಲೆ ಹತ್ತುತ್ತದೆ, ರುಚಿಯೂ ಕೆಡುತ್ತದೆ. ಆ್ಯಂಟಿಬಯೋಟಿಕ್ ಕೊಡಲಿಲ್ಲ. ಮಧುಮೇಹದ ವೈದ್ಯರು ಔಷಧಿ ಬದಲಿಸಿದ್ದರಿಂದ ಎಚ್‌ಬಿಎ1ಸಿ 7.2ಕ್ಕೆ ಇಳಿಯಿತು. ವಸಡಿನ ಚಿಕಿತ್ಸೆಯೂ ಅದನ್ನು ಸರಾಸರಿ 0.4ರಷ್ಟು ಇಳಿಸಬಲ್ಲದು, ಆದರೆ ಮಾತ್ರೆಗೆ ಅದು ಬದಲಿಯಲ್ಲ.

ಹತ್ತು ವಾರದ ನಂತರ 156ರಲ್ಲಿ 28 ಕಡೆ ಮಾತ್ರ ರಕ್ತ. 11ರ ಪಾಕೆಟ್ 3ಕ್ಕೆ ಬಂತು. 21ರ ಹೊರಬದಿ 4, ನಡುಬದಿ ಇನ್ನೂ 6. ಅಂಕಿಗಳು ಇಷ್ಟು ಚೆನ್ನಾಗಿದ್ದರೂ ಆಕೆಗೆ ಬೇಸರವಾಗಿತ್ತು. ಊತ ಇಳಿದು ವಸಡು ಮೇಲೆ ಸರಿದಿದ್ದರಿಂದ ಹಲ್ಲು ಇನ್ನೂ ಉದ್ದ ಕಾಣುತ್ತಿತ್ತು, ಹಲ್ಲುಗಳ ನಡುವೆ ಕಪ್ಪು ತ್ರಿಕೋನ ಮೂಡಿತ್ತು. "ಬಂದಾಗ ಇದ್ದಿದ್ದೇ ಚಂದ ಇತ್ತಲ್ರೀ," ಅಂದರು. ಇದನ್ನು ಚಿಕಿತ್ಸೆಗೆ ಮೊದಲೇ ಫೋಟೊ ತೋರಿಸಿ ಹೇಳಬೇಕಿತ್ತು. ಹೇಳಿರಲಿಲ್ಲ. ಆ ಒಂದು ಲೋಪದಿಂದ ಆಕೆ ಚಿಕಿತ್ಸೆ ಬಿಟ್ಟು ಹೋಗುವುದರಲ್ಲಿದ್ದರು.

6 ಮಿ.ಮೀ. ಉಳಿದ ಜಾಗಕ್ಕೆ ಶಸ್ತ್ರಚಿಕಿತ್ಸೆ. ವಸಡು ಬಿಡಿಸಿದಾಗ 5 ಮಿ.ಮೀ. ಆಳದ ಗುಣಿ, ಅದರ ಬುಡದಲ್ಲಿ ಮೂರು ಕಡೆ ಮೂಳೆಯ ಗೋಡೆ, ಮೇಲೆ ಎರಡು ಕಡೆ. ಮೂಳೆ ತುಂಬಲು ದನದ ಮೂಳೆಯಿಂದ ಮಾಡಿದ ಪುಡಿ, ಮನುಷ್ಯರ ದಾನದ ಮೂಳೆ, ಕೃತಕ ಖನಿಜ ಎಲ್ಲವೂ ಸಿಗುತ್ತವೆ. ಯಾವುದು ಎಲ್ಲಿಂದ ಬಂದದ್ದು ಎಂದು ಕನ್ನಡದಲ್ಲಿ ಬಿಡಿಸಿ ಹೇಳದೆ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ಅನೇಕರಿಗೆ ಇದು ನಂಬಿಕೆಯ ವಿಷಯ. ಆಕೆ ಪ್ರಾಣಿಮೂಲದ್ದು ಬೇಡ ಎಂದರು. ಕೃತಕ ಖನಿಜವಾದ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿಯನ್ನು ತುಂಬಿ, ಆಕೆಯದೇ 10 ಮಿ.ಲೀ. ರಕ್ತವನ್ನು ನಿಮಿಷಕ್ಕೆ 3000 ಸುತ್ತಿನಂತೆ 10 ನಿಮಿಷ ತಿರುಗಿಸಿ ತೆಗೆದ ಪಿಆರ್‌ಎಫ್ (ಗಾಯ ಮಾಯಲು ನೆರವಾಗುವ, ಹೆಪ್ಪುಗಟ್ಟಿದ ಅಂಶ) ಪದರವನ್ನು ಮೇಲೆ ಮುಚ್ಚಿದರು.

ಮತ್ತೆ ಕ್ಲಿಪ್, ಈ ಸಲ ಗ್ರಾಂ ಲೆಕ್ಕದಲ್ಲಿ

ಇಂಥ ಶಸ್ತ್ರಚಿಕಿತ್ಸೆಯ ನಂತರ ನಾಲ್ಕು ವಾರಕ್ಕೆ ಹಲ್ಲು ಸರಿಸಲು ಶುರು ಮಾಡುವುದನ್ನೂ ಆರು ತಿಂಗಳು ಕಾಯುವುದನ್ನೂ ಹೋಲಿಸಿದ ಬಹುಕೇಂದ್ರ ಅಧ್ಯಯನದಲ್ಲಿ ಫಲಿತಾಂಶ ಹೆಚ್ಚುಕಡಿಮೆ ಒಂದೇ ಬಂದಿದೆ. ಆದರೂ ಇಲ್ಲಿ ನಾಲ್ಕು ತಿಂಗಳು ಕಾದರು. ಸಕ್ಕರೆ ಇನ್ನೂ ಏರಿಳಿಯುತ್ತಿತ್ತು, ಬ್ರಷ್ ಮಾಡುವ ಅಭ್ಯಾಸ ಗಟ್ಟಿಯಾಗಿರಲಿಲ್ಲ. ರಕ್ತ ಶೇ. 15ರ ಒಳಗೆ, 21ರಲ್ಲಿ ರಕ್ತವಿಲ್ಲದ 4 ಮಿ.ಮೀ. ಪಾಕೆಟ್: ಈ ಎರಡು ಬಾರದೆ ಬ್ರಾಕೆಟ್ ಅಂಟಿಸುವುದಿಲ್ಲ ಎಂದು ವಸಡಿನ ತಜ್ಞೆ ಮತ್ತು ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್ ಸೇರಿ ಫೈಲಿನಲ್ಲಿ ಬರೆದಿಟ್ಟರು. ನಾಲ್ಕನೆಯ ತಿಂಗಳಿಗೆ 156ರಲ್ಲಿ 20 ಕಡೆ ರಕ್ತ, ಶೇ. 13. ಶುರುವಾಯಿತು.

ಈ ಸಲ ಮೇಲೂ ಕೆಳಗೂ ಕ್ಲಿಪ್. ಕೆಳಗಿನ ಬಾಚಿಹಲ್ಲುಗಳ ಬಡಿತ ತಪ್ಪಿಸದೆ ಮೇಲಿನವನ್ನು ಒಳಕ್ಕೆ ತರುವ ಜಾಗವೇ ಇರಲಿಲ್ಲ. ದವಡೆಹಲ್ಲುಗಳಿಗೆ ಉಂಗುರದಂಥ ಬ್ಯಾಂಡ್ ಬದಲು ಅಂಟಿಸುವ ಟ್ಯೂಬ್, ಏಕೆಂದರೆ ಬ್ಯಾಂಡಿನ ಅಂಚು ವಸಡಿನೊಳಗೆ ಕೂತು ಪಾಚಿ ಹಿಡಿಯುತ್ತದೆ. ರಬ್ಬರ್ ರಿಂಗ್ ಬದಲು ಸ್ಟೀಲ್ ಕಟ್ಟು. ಬ್ರಾಕೆಟ್ ಒತ್ತಿ ಕೂರಿಸಿದ ಮೇಲೆ ಸುತ್ತ ಹೊರಬಂದ ಅಂಟನ್ನು ಗಟ್ಟಿಯಾಗುವ ಮೊದಲೇ ಪ್ರೋಬ್ ತುದಿಯಿಂದ ತೆಗೆಯುವುದಕ್ಕೆ ಹಲ್ಲಿಗೆ ಅರ್ಧ ನಿಮಿಷ ಬೇಕು, ಆ ಅರ್ಧ ನಿಮಿಷ ಉಳಿಸಲು ಹೋಗಬಾರದು. 21ರ ಬ್ರಾಕೆಟ್ಟನ್ನು ಹಲ್ಲಿನ ಅಂಚು ನೋಡಿ ಅಂಟಿಸದೆ ಎಕ್ಸ್‌ರೇಯಲ್ಲಿ ಮೂಳೆಯ ಮಟ್ಟ ನೋಡಿ ಅಂಟಿಸಿದರು.

ಮೊದಲು 0.014 ಇಂಚಿನ ನಿಕಲ್-ಟೈಟೇನಿಯಂ ತಂತಿ. ಹಲ್ಲುಗಳು ಸಾಲಿಗೆ ಬಂದ ಮೇಲೆ ಕೆಳಗಿಳಿದ ಮೇಲ್ಬಾಚಿಗಳನ್ನು ಮೇಲಕ್ಕೆ ಒತ್ತಲು 0.017×0.025ರ ಟಿಎಂಎ (ಟೈಟೇನಿಯಂ ಮಿಶ್ರಲೋಹದ) ತಂತಿ, ಹಲ್ಲಿಗೆ 10ರಿಂದ 15 ಗ್ರಾಂ, ನಾಲ್ಕಕ್ಕೂ ಸೇರಿ 50ರ ಆಸುಪಾಸು. ಪ್ರತಿ ಭೇಟಿಯಲ್ಲೂ ಇದನ್ನು ಗೇಜ್ ಹಿಡಿದು ಅಳೆದರು. ಕೈಯ ಅಂದಾಜು ಇಲ್ಲಿ ಸಾಲದು. ಹಿಂದಕ್ಕೆ ಎಳೆಯಲು ಮೇಲಿನ ದವಡೆಹಲ್ಲುಗಳನ್ನು ಆಧಾರ ಮಾಡಿಕೊಳ್ಳುವಂತಿರಲಿಲ್ಲ, ಅವೇ ಮೂಳೆ ಕಳೆದುಕೊಂಡಿದ್ದವು. ಅವುಗಳ ಮುಂದೆ ಎರಡೂ ಕಡೆ 1.5 ಮಿ.ಮೀ. ದಪ್ಪ, 8 ಮಿ.ಮೀ. ಉದ್ದದ ಪುಟ್ಟ ಸ್ಕ್ರೂವನ್ನು ದವಡೆಯ ಮೂಳೆಗೆ ಹಾಕಿ ಒಂದೊಂದು ಕಡೆಗೆ 60 ಗ್ರಾಂನಷ್ಟು ಎಳೆದರು. ಕಡಕ್ ರೊಟ್ಟಿ, ಕಬ್ಬು ಬಂದ್. ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ತಿನ್ನುವುದು.

ಐದನೆಯ ತಿಂಗಳು

ದೀಪಾವಳಿ ಕಳೆದು ಮದುವೆ ಸೀಸನ್ ಶುರುವಾಯಿತು, ಅಂಗಡಿಯಲ್ಲಿ ಬ್ಲೌಸ್‌ಗಳ ರಾಶಿ. ಎರಡು ಭೇಟಿ ತಪ್ಪಿದವು. ಹನ್ನೊಂದು ವಾರದ ನಂತರ ಬಂದಾಗ ಸಂದು ಬಹುತೇಕ ಮುಚ್ಚಿತ್ತು, ಆಕೆಗೆ ಖುಷಿ. ಪ್ರೋಬ್ ಇಳಿಸಿದಾಗ 59 ಕಡೆ ರಕ್ತ, ಶೇ. 38. 21ರ ನಡುಬದಿ ಮತ್ತೆ 6. ಎಚ್‌ಬಿಎ1ಸಿ 8.1.

ಬರೀ ಭೇಟಿ ತಪ್ಪಿದ್ದರಿಂದ ಇಷ್ಟಾಗಿದೆಯೇ ಎಂಬ ಸಂಶಯ ವಸಡಿನ ತಜ್ಞೆಗೆ ಬಂತು. ದಿನಾ ಬಳಸುವ ಬ್ರಷ್ ತೋರಿಸಿ ಎಂದರು. ಆಕೆ ಚೀಲದಿಂದ 0.8ರ ಸಣ್ಣ ಬ್ರಷ್ ತೆಗೆದರು. ಎಳೆಗಳು ಹೊಸದರಂತೆಯೇ ನೆಟ್ಟಗಿದ್ದವು. ಹಲ್ಲಿಗೆ ತೂರಿಸಿ ಎಂದರೆ ಅದು ಒಳಕ್ಕೆ ಹೋಗಲೇ ಇಲ್ಲ. ಹಲ್ಲುಗಳು ಹತ್ತಿರ ಬಂದಂತೆ ಸಂದು ಕಿರಿದಾಗಿತ್ತು, ಬ್ರಷ್ಷಿನ ಅಳತೆ ಹಳೆಯದೇ ಉಳಿದಿತ್ತು. ಒತ್ತಿದರೆ ನೋವಾಗುತ್ತದೆಂದು ಆಕೆ ಎರಡು ತಿಂಗಳ ಹಿಂದೆಯೇ ಬಿಟ್ಟಿದ್ದರು. ತಂತಿ ಬದಲಿಸಿದ ಯಾವ ಭೇಟಿಯಲ್ಲೂ ಬ್ರಷ್ಷಿನ ಅಳತೆ ಯಾರೂ ನೋಡಿರಲಿಲ್ಲ. ಚಿಕಿತ್ಸೆ ಯಶಸ್ವಿಯಾಗುತ್ತಿದ್ದುದರಿಂದಲೇ ಸ್ವಚ್ಛತೆ ಕೆಟ್ಟಿತ್ತು.

ಮುಂದೇನು? ಇನ್ನು ಸ್ವಲ್ಪವೇ ಬಾಕಿ, ಮುಗಿಸಿಬಿಡೋಣ ಎಂಬುದು ಒಂದು ದಾರಿ, ಎಲ್ಲಕ್ಕಿಂತ ಅಪಾಯದ್ದು ಅದೇ. ಪೂರ್ತಿ ಬಿಚ್ಚಿದರೆ ಸಂದು ತೆರೆಯುತ್ತದೆ, ಮತ್ತೆ ಅಂಟಿಸುವಾಗ ಎನಾಮೆಲ್‌ಗೆ ಇನ್ನೊಮ್ಮೆ ಪೆಟ್ಟು. ಆರಿಸಿಕೊಂಡದ್ದು ನಡುವಿನ ದಾರಿ. ಒತ್ತುವ ತಂತಿ, ಎಳೆಯುವ ಚೈನ್ ಎರಡನ್ನೂ ತೆಗೆದು, ಹಲ್ಲುಗಳನ್ನು ಇದ್ದಲ್ಲೇ ಹಿಡಿದಿಡುವ, ಬಲ ಹಾಕದ ಸ್ಟೀಲ್ ತಂತಿ ಕಟ್ಟಿದರು. ವಸಡಿನ ಕೆಳಗೆ ಮತ್ತೆ ಸ್ವಚ್ಛಗೊಳಿಸಿದರು. ಮುಂದೆ 0.5, ಹಿಂದೆ 0.7ರ ಬ್ರಷ್. ಎಂಟು ವಾರದಲ್ಲಿ ರಕ್ತ ಶೇ. 20ರ ಕೆಳಗೆ ಬಾರದಿದ್ದರೆ ಕ್ಲಿಪ್ ಬಿಚ್ಚುವುದೆಂದು ಆಕೆಯ ಮುಂದೆಯೇ ಬರೆದರು. ಭೇಟಿಯನ್ನು ಅಂಗಡಿಯ ವಾರದ ರಜೆಯಾದ ಮಂಗಳವಾರಕ್ಕೆ ಬದಲಿಸಿ, ನೆನಪಿಸುವ ಕರೆ ಮಗಳ ಫೋನಿಗೆ ಹೋಗುವಂತೆ ಮಾಡಿದರು. ಎಂಟು ವಾರಕ್ಕೆ 25 ಕಡೆ ರಕ್ತ, ಶೇ. 16, 21ರಲ್ಲಿ 4 ಮಿ.ಮೀ. ಮತ್ತೆ ಬಲ ಹಾಕಿದರು.

ಬಂದ ಫಲ, ಬಾರದ ಫಲ

ನಿಲ್ಲಿಸಿದ ಎರಡು ತಿಂಗಳೂ ಸೇರಿ ಕ್ಲಿಪ್ ಇದ್ದದ್ದು 17 ತಿಂಗಳು. 21 ಪಕ್ಕದ ಹಲ್ಲಿನ ಮಟ್ಟಕ್ಕೆ ಬಂತು, ತುಟಿಯ ಒಳಗೆ ಕೂತಿತು. ಅಲುಗಾಟ ಮೊದಲ ದರ್ಜೆಗೆ ಇಳಿಯಿತು; ಪೂರ್ತಿ ಹೋಗಲಿಲ್ಲ, ಹೋಗುವ ನಿರೀಕ್ಷೆಯೂ ಇರಲಿಲ್ಲ. ಬೇರಿನ ತುದಿ ಸುಮಾರು 1 ಮಿ.ಮೀ. ಸವೆಯಿತು. ಮೇಲಿನ ಎಡ ದವಡೆಹಲ್ಲಿನ ಹಿಂಬದಿಯಲ್ಲಿ 5 ಮಿ.ಮೀ. ಪಾಕೆಟ್ ಹಾಗೆಯೇ ಉಳಿಯಿತು.

ಕಪ್ಪು ತ್ರಿಕೋನವೂ ಪೂರಾ ಮಾಯವಾಗಲಿಲ್ಲ. ಎರಡು ಹಲ್ಲು ತಾಗುವ ಬಿಂದುವಿನಿಂದ ಮೂಳೆಗೆ 5 ಮಿ.ಮೀ. ಅಥವಾ ಕಡಿಮೆ ದೂರವಿದ್ದರೆ ನಡುವಿನ ವಸಡು ಬಹುಮಟ್ಟಿಗೆ ಯಾವಾಗಲೂ ತುಂಬುತ್ತದೆ, 6 ಇದ್ದರೆ ಅರ್ಧಕ್ಕಿಂತ ತುಸು ಹೆಚ್ಚು ಸಂದರ್ಭಗಳಲ್ಲಿ, 7 ಇದ್ದರೆ ಕಾಲು ಭಾಗದಷ್ಟರಲ್ಲಿ. ಇದು 1992ರಿಂದ ಗೊತ್ತಿರುವ ಲೆಕ್ಕ. ಇಲ್ಲಿ 7 ಇತ್ತು. ಎರಡೂ ಹಲ್ಲಿನ ಬದಿಯನ್ನು 0.25 ಮಿ.ಮೀ.ನಂತೆ ಉಜ್ಜಿ, ತಾಗುವ ಜಾಗವನ್ನು ವಸಡಿನತ್ತ ಸರಿಸಿ ಸಂದು ಮುಚ್ಚಿದ್ದರಿಂದ ತ್ರಿಕೋನ ಚಿಕ್ಕದಾಯಿತು. ಕೆಳಗಿನ ಖಾಲಿ ಜಾಗಗಳಿಗೆ ಬ್ರಿಡ್ಜ್ ಕಟ್ಟಿ ಹಿಂದಿನ ಆಸರೆ ಮರಳಿಸಿದರು. ಇದನ್ನು ಬಿಟ್ಟಿದ್ದರೆ ಮುಂದಿನ ಹಲ್ಲುಗಳು ಮತ್ತೆ ಉಬ್ಬುತ್ತಿದ್ದವು.

ಇಂಥ ಪ್ರಕರಣ ಕೈಗೆ ಬಂದವರು ತಮ್ಮ ಫೈಲಿಗೆ ಮೂರು ವಿಷಯ ಸೇರಿಸಿಕೊಳ್ಳಬಹುದು. ವಯಸ್ಕರಿಗೆ ಕ್ಲಿಪ್ ಹಾಕುವ ಮೊದಲು ಆರು ಬಿಂದುಗಳ ಪೂರ್ತಿ ಪಾಕೆಟ್ ಚಾರ್ಟ್, ಮುಂದಿನ ಹಲ್ಲುಗಳಿಗೆ ಬೇರೆ ಬೇರೆ ಚಿಕ್ಕ ಎಕ್ಸ್‌ರೇ. ಒಪಿಜಿ ಒಂದನ್ನೇ ನಂಬುವುದು ಬೇಡ. ಎಲ್ಲಿ ನಿಲ್ಲಿಸಬೇಕು ಎಂಬ ಅಂಕಿ ಶುರುವಿನಲ್ಲೇ ಬರೆದಿರಲಿ, ಸಂದು ಮುಚ್ಚುತ್ತಿರುವ ಸಂತೋಷದಲ್ಲಿ ಅದು ಯಾರಿಗೂ ಹೊಳೆಯುವುದಿಲ್ಲ. ತಂತಿ ಬದಲಿಸಿದ ದಿನವೇ ಸಣ್ಣ ಬ್ರಷ್ಷನ್ನೂ ಅಳೆಯಬೇಕು. ಈ ಕೊನೆಯದಕ್ಕೆ ಐದು ನಿಮಿಷವೂ ಬೇಡ, ಈ ಪ್ರಕರಣದಲ್ಲಿ ಅದನ್ನು ಮರೆತದ್ದಕ್ಕೆ ಎರಡು ತಿಂಗಳು ಹೋಯಿತು.

ಕ್ಲಿಪ್ ತೆಗೆದ ದಿನವೇ ಮೇಲಿನ ಆರು ಹಲ್ಲುಗಳ ಒಳಬದಿಗೆ 0.0175 ಇಂಚಿನ ಹೆಣೆದ ತಂತಿ ಅಂಟಿಸಿದರು, ಬ್ರಷ್ ತೂರಲು ಜಾಗವಿರುವಂತೆ ವಸಡಿನಿಂದ ದೂರದಲ್ಲಿ. ರಾತ್ರಿ ಹಾಕಿಕೊಳ್ಳಲು ಪಾರದರ್ಶಕ ಅಚ್ಚು. ಈ ತಂತಿ ಜೀವನಪೂರ್ತಿ ಇರಬೇಕು, ವಸಡಿನ ತಪಾಸಣೆ ಮೂರು ತಿಂಗಳಿಗೊಮ್ಮೆ. ಕ್ಲಿಪ್ ತೆಗೆದ ಮೇಲಿನ ಹದಿನಾಲ್ಕನೆಯ ತಿಂಗಳ ತಪಾಸಣೆಯಲ್ಲಿ ರಕ್ತ ಶೇ. 12, ಎಚ್‌ಬಿಎ1ಸಿ 6.9. ತಂತಿಯ ಮೇಲೆ ಪ್ರೋಬ್ ತುದಿ ಆಡಿಸುವಾಗ 21ರ ಪಕ್ಕದ ಹಲ್ಲಿನ ಅಂಟು ಬಿಟ್ಟಿರುವುದು ಸಿಕ್ಕಿತು. ಆಕೆಗೆ ಗೊತ್ತೇ ಆಗಿರಲಿಲ್ಲ. ಹಲ್ಲು ಇನ್ನೂ ಸರಿದಿರಲಿಲ್ಲ, ಅವತ್ತೇ ಮತ್ತೆ ಅಂಟಿಸಿ, ಬ್ರಷ್ ಅಳೆದು, ಮೂರು ತಿಂಗಳಾಚೆಯ ಒಂದು ಮಂಗಳವಾರ ಬರೆದುಕೊಟ್ಟರು.